ಹನ್ನೆರಡು ಸೆಕೆಂಡು

"ಐವತ್ತೆರಡು," ಎಂದು ಓರ್ವಿಲ್ ಹೌಗನ್ ಸ್ಟಾಪ್‌ವಾಚಿನ ಗುಂಡಿಯನ್ನು ಒತ್ತಿ ಹೇಳಿದರು. ಹೇಳಿದ ಧ್ವನಿಯಲ್ಲಿ ಬೇಸರವಿರಲಿಲ್ಲ. ಹೊರಗಿನ ಚಳಿ ಸೊನ್ನೆಗಿಂತ ಎಷ್ಟು ಕೆಳಗಿಳಿದಿದೆಯೆಂದು ಹೇಳುವಾಗಲೂ ಅವರದು ಅದೇ ಧ್ವನಿ.

"ಇನ್ನೊಂದ್ಸಲ," ಎಂದ ಮಾರ್ಟಿ ಕೆಸ್ಲರ್.

"ಆರು ಸಲ ಆಯ್ತಲ್ಲ ಮಾರ್ಟಿ."

"ಏಳನೇದೂ ಆಗ್ಲಿ. ಯಂತ್ರಕ್ಕೇನು, ಕಾಲು ನೋಯುತ್ತಾ?"

ಏಳನೆಯ ಸಲವೂ ಐವತ್ತೆರಡೇ ಬಂದಿತು. ಮುದ್ರಣಯಂತ್ರ ಗರಗರನೆ ಸದ್ದು ಮಾಡಿ ಉತ್ತರದ ಹಾಳೆಯನ್ನು ಹೊರದಬ್ಬಿತು. ಹೌಗನ್ ಅದನ್ನು ಹರಿದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಸಾಲುಸಾಲಾಗಿ ಓದಿದರು. ಕೊನೆಯ ಅಂಕಿಯವರೆಗೂ ಉತ್ತರ ಸರಿಯಾಗಿತ್ತು. ಅದೇ ತೊಂದರೆಯಾಗಿತ್ತು. ತಪ್ಪು ಉತ್ತರ ಕೊಡುವ ಯಂತ್ರ ತನ್ನ ರೋಗವನ್ನು ತಾನೇ ಹೇಳಿಕೊಳ್ಳುತ್ತದೆ. ಸರಿಯಾದ ಉತ್ತರವನ್ನು ತಡವಾಗಿ ಕೊಡುವ ಯಂತ್ರದ ನಾಡಿ ಹಿಡಿಯುವುದು ಸುಲಭವಲ್ಲ.

ಒಂದು ದಿನದ ಗಾಳಿಯ ಚಲನೆಯನ್ನು ಮುಂಚಿತವಾಗಿ ತೋರಿಸುವ ಲೆಕ್ಕ ಅದು. ಮಾರ್ಟಿ ರಚಿಸಿದ ಹೊಸ ಗಣಕಯಂತ್ರದ ಪ್ರೊಸೆಸರ್ ಅದನ್ನು ನಲವತ್ತು ಸೆಕೆಂಡಿನಲ್ಲಿ ಮುಗಿಸಬೇಕಾಗಿತ್ತು. ಕಾಗದದ ಮೇಲೆ ಅವನು ಒಂದೊಂದು ಹೆಜ್ಜೆಯನ್ನೂ ಎಣಿಸಿದ್ದ. ಮೂವತ್ತೊಂಬತ್ತು ಚಿಲ್ಲರೆ ಬಂದಿತ್ತು, ಧಾರಾಳವಾಗಿರಲೆಂದು ನಲವತ್ತು ಎಂದು ಬರೆದುಕೊಟ್ಟಿದ್ದ. ಶುಕ್ರವಾರ ಹವಾಮಾನ ಇಲಾಖೆಯವರು ಬಂದು, ತಮ್ಮದೇ ಗಡಿಯಾರ ಹಿಡಿದು ನಿಲ್ಲುವವರಿದ್ದರು. ಈ ದಿನ ಸೋಮವಾರ.

"ಪ್ರೊಸೆಸರ್ ಹೀಗೆ ಕುಂಟೋದಕ್ಕೆ ಕಾರಣ ಇರ್ಬೇಕು ತಾನೆ?" ಎಂದ ಮಾರ್ಟಿ, ಕಿಟಕಿಯತ್ತ ತಿರುಗಿ. ಹೊರಗೆ ಕಾರುಗಳು ತಮ್ಮ ಮೂತಿಯಿಂದ ಎಂಜಿನನ್ನು ಬೆಚ್ಚಗಿಡುವ ಕರಿಯ ವಿದ್ಯುತ್ ತಂತಿಯನ್ನು ನೇತುಹಾಕಿಕೊಂಡು, ಗೋಡೆಯ ಗೂಟಕ್ಕೆ ಕಟ್ಟಿದ ದನಗಳಂತೆ ಸಾಲಾಗಿ ನಿಂತಿದ್ದವು. ಅದರಾಚೆ ಸರೋವರ ಬಿಳಿಯ ಬಯಲಾಗಿತ್ತು.

"ಇರುತ್ತೆ," ಎಂದರು ಹೌಗನ್. "ಗುರುವಾರ ಬೆಳಗ್ಗೆ ತನಕ ನೋಡೋಣ. ಸಿಕ್ಕದೇ ಹೋದ್ರೆ ಮಿನಿಯಾಪೊಲಿಸ್ಸಿಂದ ನಾಲ್ಕು ಜನ ಕರೆಸ್ತೀನಿ. ಯಂತ್ರದ ಹಿಂಬದಿ ತಂತಿ ಅಷ್ಟನ್ನೂ ಬಿಚ್ಚಿ ಹೊಸದಾಗಿ ಹಾಕ್ತಾರೆ. ಹವಾಮಾನದೋರಿಗೆ ಏಪ್ರಿಲ್ ತನಕ ತಡೀರಿ ಅಂತೀನಿ. ತಡೀತಾರೋ ಬಿಡ್ತಾರೋ."

"ಆರ್ಡಿಸ್ ಹಾಕಿರೋ ತಂತೀನಾ?"

ಹೌಗನ್ ಉತ್ತರದ ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಆರ್ಡಿಸ್ ಟೋಲೆಫ್ಸನ್ ಹಾಕಿದ ತಂತಿಯನ್ನು ಬಿಚ್ಚುವುದೆಂದರೇನೆಂಬುದು ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಊರಿನ ಉಣ್ಣೆಯ ಕಾಲುಚೀಲದ ಗಿರಣಿ ಮುಚ್ಚಿದ ವರ್ಷ ಅಲ್ಲಿಂದ ಒಂಬತ್ತು ಹೆಂಗಸರನ್ನು ಹೌಗನ್ ಕರೆತಂದಿದ್ದರು. ಕಾಲೇಜು ಓದಿದವರಿಗೆ ಎರಡು ವರ್ಷದಲ್ಲಿ ಬಾರದ ಕೆಲಸ ಈ ಒಂಬತ್ತು ಜನರಿಗೆ ಎರಡು ವಾರದಲ್ಲಿ ಕೈಹತ್ತಿತು. ಅವರಲ್ಲಿ ಮೊದಲಿನವಳು ಆರ್ಡಿಸ್. ಯಂತ್ರದ ಮುಂಭಾಗ ಬಣ್ಣ ಬಳಿದ ತಗಡಿನ ಎರಡು ಬೀರುಗಳಂತೆ ಕಾಣುತ್ತಿತ್ತು. ಹಿಂದಿನ ಬಾಗಿಲು ತೆರೆದರೆ ಕಾಣುತ್ತಿದ್ದುದು ಆಕೆಯ ಲೋಕ. ಬಿಳಿ ಮತ್ತು ನೀಲಿಯ ಎಳೆಗಳನ್ನು ಹೊಸೆದ ಹನ್ನೆರಡು ಸಾವಿರ ಜೋಡಿತಂತಿಗಳು ಹನ್ನೆರಡು ಸಾವಿರ ಜಾಗದಿಂದ ಹೊರಟು, ತೊರೆತೊರೆಯಾಗಿ ಕೂಡಿ, ಬಾಗಿ, ಕವಲೊಡೆದು, ಒಂದೂ ಇನ್ನೊಂದನ್ನು ಜಗ್ಗದಂತೆ ತಮ್ಮತಮ್ಮ ಮೊಳೆಯನ್ನು ಸೇರುತ್ತಿದ್ದವು. ಆ ಮೊಳೆಗಳು ಗುಂಡುಸೂಜಿಗಿಂತ ಸಣ್ಣವು. ಡೆಲೋರಿಸ್ ಎಂಬ ಜೊತೆಗಾತಿ ತಂತಿಪಟ್ಟಿಯನ್ನು ಓದುವಳು: ಯಾವ ಮೊಳೆಯಿಂದ, ಯಾವ ಮೊಳೆಗೆ, ಎಷ್ಟು ಅಂಗುಲ. ಆರ್ಡಿಸ್ ಅಳೆದು, ಕತ್ತರಿಸಿ, ತುದಿ ಸುಲಿದು, ಮೊಳೆಗೆ ಏಳು ಸುತ್ತು ಸುತ್ತುವಳು. ಏಳೆಂದರೆ ಏಳೇ. ಹತ್ತೊಂಬತ್ತು ವರ್ಷಗಳಲ್ಲಿ ಆಕೆಯ ಸುತ್ತಿನಿಂದ ಸಡಿಲಗೊಂಡ ತಂತಿ ಒಂದೂ ಇಲ್ಲವೆಂದು ಹೌಗನ್ ಹೊರಗಿನವರಿಗೆ ಹೇಳುತ್ತಿದ್ದರು. ಅವರು ಹೊಗಳುವ ಸ್ವಭಾವದವರಲ್ಲವಾದ್ದರಿಂದ ಆ ಮಾತಿಗೆ ತೂಕವಿತ್ತು.

ಇನ್ನೊಂದು ವಾಡಿಕೆಯಿತ್ತು. ಯಂತ್ರ ತನ್ನ ವೇಗವನ್ನು ಮುಟ್ಟಿದ ದಿನ, ಅದನ್ನು ಹೆಣೆದ ಹೆಂಗಸು ಹಿಂದಿನ ಬಾಗಿಲಿನ ಒಳಮೈಯಲ್ಲಿ ತನ್ನ ಹೆಸರು ಬರೆಯಬೇಕು. ಬಾಗಿಲು ಮುಚ್ಚಿದರೆ ಆ ಹೆಸರು ಯಾರಿಗೂ ಕಾಣುವುದಿಲ್ಲ; ಕಾಣಲೆಂದು ಯಾರೂ ಬರೆಯುತ್ತಲೂ ಇರಲಿಲ್ಲ. ಆರ್ಡಿಸ್ ಹೀಗೆ ಹತ್ತು ಬಾಗಿಲುಗಳಲ್ಲಿ ಬರೆದಿದ್ದಳು. ಇದು ಹನ್ನೊಂದನೆಯದು, ಮತ್ತು ಕೊನೆಯದು. ಫೆಬ್ರವರಿ ಮುಗಿದರೆ ಆಕೆ ನಿವೃತ್ತಳಾಗುತ್ತಿದ್ದಳು. ತಂತಿಯನ್ನು ಬಿಚ್ಚಿ ಬೇರೆಯವರು ಹಾಕಿದರೆ ಹೆಸರೂ ಅವರದೇ.

ಸೋಮವಾರ ಮಧ್ಯಾಹ್ನ ಮಾರ್ಟಿ ತಂತಿಕೋಣೆಗೆ ಹೋದ. ಆರ್ಡಿಸ್ ಬಿಡಿ ಫಲಕವೊಂದರ ಮುಂದೆ ಕುಳಿತಿದ್ದಳು. ಚಿಮುಟ ಹಿಡಿದ ಬೆರಳುಗಳು ತಮ್ಮ ಪಾಡಿಗೆ ಆಡುತ್ತಿದ್ದವು. ಕಣ್ಣೆತ್ತಿ ಅವನನ್ನು ನೋಡಿದಳು.

"ಆರ್ಡಿಸ್, ಹೊಸ ಯಂತ್ರದ ತಂತಿ ಹಾಕುವಾಗ ಏನಾದ್ರೂ ವಿಚಿತ್ರ ಅನ್ನಿಸಿತ್ತಾ ನಿಮಗೆ?"

ಚಿಮುಟ ಒಂದು ಕ್ಷಣ ನಿಂತಿತು. "ಎಲ್ಲಾ ಪಟ್ಟೀಲಿ ಇದ್ದ ಹಾಗೇ ಇದೆ, ಕೆಸ್ಲರ್ ಅವ್ರೆ."

"ಹಾಗಾದ್ರೆ ಸರಿ," ಎಂದು ಅವನು ಹೊರಟುಹೋದ. ಪಕ್ಕದಲ್ಲಿ ಕುಳಿತಿದ್ದ ಡೆಲೋರಿಸ್ ಆರ್ಡಿಸ್‌ಳ ಮುಖ ನೋಡಿದಳು. ಆರ್ಡಿಸ್ ಫಲಕದ ಮೇಲೆ ಬಗ್ಗಿದಳು.

ಮಾರ್ಟಿ ದೂರದ ಮಹಾನಗರದ ಬ್ರೂಕ್ಲಿನ್ನಿನವನು. ಅವನ ಮನೆಯಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರುಮಾಡುತ್ತಿದ್ದರು. ಬೇಕೆಂದರೆ ಬೇಕು, ಬೇಡವೆಂದರೆ ಬೇಡ. ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ, ಹಿಮ ಬೀಳುತ್ತಿದ್ದ ಒಂದು ಸಂಜೆ, ನಡೆದು ಹೋಗುತ್ತಿದ್ದ ಡೆಲೋರಿಸ್‌ಳ ಪಕ್ಕದಲ್ಲಿ ಕಾರು ನಿಲ್ಲಿಸಿ "ಬರ್ತೀರಾ?" ಎಂದು ಕೇಳಿದ್ದ. "ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ," ಎಂದಿದ್ದಳು ಅವಳು. ಸರಿ ಎಂದು ಮುಂದೆ ಹೋಗಿದ್ದ. ಮಾರನೆಯ ಬೆಳಗ್ಗೆ ಅಂಚೆಮನೆಯಲ್ಲಿಯೂ ಚರ್ಚಿನ ನೆಲಮಾಳಿಗೆಯಲ್ಲಿಯೂ ಅದೇ ಸುದ್ದಿ: ಬ್ರೂಕ್ಲಿನ್ನಿನವನು ಡೆಲೋರಿಸ್‌ಳನ್ನು ಹಿಮದಲ್ಲಿ ಬಿಟ್ಟುಹೋದನಂತೆ, ಒಂದೇ ಒಂದು ಸಲ ಕರೆದನಂತೆ! ಆಮೇಲೆ ಹೌಗನ್ ಅವನನ್ನು ಕರೆದು ಕೂರಿಸಿ, "ಇಲ್ಲಿ ಒಂದ್ಸಲ ಕರೆಯೋದು ಕೆಮ್ಮಿದ ಹಾಗೆ ಮಾರ್ಟಿ. ಎರಡನೇ ಸಲ ಕರೆದ್ರೆ ಮಾತು ಶುರುವಾಯ್ತು ಅಂತ. ಮೂರನೇದಕ್ಕೆ ಬರ್ತಾರೆ," ಎಂದು ವಿವರಿಸಿದ್ದರು. ಅಂದಿನಿಂದ ಕಾರು, ಕಾಫಿ, ಊಟ ಇವುಗಳ ವಿಷಯದಲ್ಲಿ ಅವನು ಈ ಲೆಕ್ಕವನ್ನು ತಪ್ಪದೆ ಪಾಲಿಸುತ್ತಿದ್ದ. ಕೆಲಸದ ವಿಷಯಕ್ಕೂ ಅದೇ ಲೆಕ್ಕವಿರಬಹುದೆಂದು ಅವನಿಗೆ ಹೊಳೆದಿರಲಿಲ್ಲ.

ಮಂಗಳವಾರವೆಲ್ಲ ಅವನು ಪ್ರೊಸೆಸರನ್ನು ಕೂಡಿಸಿ ನೋಡಿದ, ಕಳೆದು ನೋಡಿದ. ಸಂಕಲನಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟೇ ಹಿಡಿಯುತ್ತಿತ್ತು. ಗುಣಾಕಾರವೂ ಹಾಗೆಯೇ. ಯಂತ್ರಕ್ಕೆ ತಾಳ ಹಾಕುವ ಗಡಿಯಾರದ ಮಿಡಿತವನ್ನು ಆಸಿಲೋಸ್ಕೋಪಿನ ಹಸಿರು ತೆರೆಯ ಮೇಲೆ ಹಿಡಿದು ನಿಲ್ಲಿಸಿದ, ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ತಂಪುಗಾಳಿಯ ಕೊಳವೆಗಳನ್ನು ಮುಟ್ಟಿ ನೋಡಿದ. ವಿದ್ಯುತ್ತಿನ ಒತ್ತಡ ಅಳೆದ. ಲೆಕ್ಕವನ್ನೇ ಅನುಮಾನಿಸಿ, ಅದನ್ನು ಬರೆದವರಿಗೆ ಫೋನು ಮಾಡಿ ಬೈಸಿಕೊಂಡ. ಬುಧವಾರ ತಂತಿಯ ಸರದಿ. ಹೌಗನ್ ಒಂದು ಮೊಳೆಗೆ ತನಿಖೆಯ ಕಡ್ಡಿ ಮುಟ್ಟಿಸುವುದು, ಮಾರ್ಟಿ ಇನ್ನೊಂದಕ್ಕೆ. ಕಡ್ಡಿಗೆ ಜೋಡಿಸಿದ ಸಣ್ಣ ಗಂಟೆ ಬಾರಿಸಿದರೆ ತಂತಿ ಪಟ್ಟಿಯಲ್ಲಿದ್ದಂತೆ ಜೋಡಿಯಾಗಿದೆ ಎಂದು ಅರ್ಥ. ಬೆಳಗಿನಿಂದ ಹಗಲು ಇಳಿಯುವವರೆಗೆ ಗಂಟೆ ಬಾರಿಸುತ್ತಲೇ ಇತ್ತು. ತಪ್ಪಾದ ಮೊಳೆಗೆ ಹೋದ ತಂತಿ ಒಂದಾದರೂ ಸಿಕ್ಕಿದ್ದರೆ ಮಾರ್ಟಿಗೆ ಸಂತೋಷವಾಗುತ್ತಿತ್ತು. ಸಿಗಲಿಲ್ಲ. ಆ ನೀಲಿ ಬಿಳಿ ಕಾಡಿನೊಳಗೆ ತಲೆಯಿಟ್ಟು ಹೊರತೆಗೆದಾಗಲೆಲ್ಲ, ತಾನು ಯಾವುದನ್ನು ಸಂದೇಹಿಸುತ್ತಿದ್ದೇನೋ ಅದರ ಅಂದವನ್ನು ಕಂಡು ಅವನಿಗೆ ನಾಚಿಕೆಯಾಗುತ್ತಿತ್ತು. ಆದರೂ ಸಂದೇಹಿಸಲು ಬೇರೇನೂ ಉಳಿದಿರಲಿಲ್ಲ.

ಊಟದ ಹೊತ್ತಿನಲ್ಲಿ ಡೆಲೋರಿಸ್ ತನ್ನ ತಟ್ಟೆ ಹಿಡಿದು ಅವನ ಎದುರಿಗೇ ಬಂದು ಕುಳಿತಳು. ಆಲೂಗೆಡ್ಡೆಯ ಉಂಡೆಗಳನ್ನು ಮೇಲೆ ಹೊದಿಸಿ ಬೇಯಿಸಿದ ಮಾಂಸದ ಪಲ್ಯ ಆವಿಯಾಡುತ್ತಿತ್ತು.

"ನಮ್ಮ ತಂತೀನೆಲ್ಲ ಬಿಚ್ತಾರಂತೆ?"

"ಇನ್ನೂ ಗೊತ್ತಿಲ್ಲ, ಡೆಲೋರಿಸ್."

"ಊರಿಗೆಲ್ಲ ಗೊತ್ತಿದೆ, ನಿಮಗೆ ಗೊತ್ತಿಲ್ವಾ? ಪಾಪ." ಅವಳು ಒಂದು ತುತ್ತು ತಿಂದಳು. "ಮಿನಿಯಾಪೊಲಿಸ್ಸಿನೋರು ಒಳ್ಳೆ ಕೆಲಸದೋರೇ ಇರ್ಬೇಕು. ತಲೆ ಅವರೇ ತರ್ತಾರೋ, ನೀವೇ ಕೊಡ್ತೀರೋ?"

"ಏನ್ ಹಾಗಂದ್ರೆ?"

"ನಂಗೇನ್ ಗೊತ್ತು. ಬೆರಳು ನಮ್ದು, ತಲೆ ನಿಮ್ದು ಅಂತ ಯಾರೋ ಒಬ್ರು ಹೇಳಿದ್ದ ನೆನಪು," ಎಂದು ಅವಳು ಉಪ್ಪಿನ ಬುಡ್ಡಿಯನ್ನು ಅವನ ಕೈಯಿಂದಲೇ ಇಸಿದುಕೊಂಡಳು. ಮಾರ್ಟಿಗೆ ಆ ಮಾತು ಎಲ್ಲಿಯದೆಂದು ನೆನಪಾಗಲಿಲ್ಲ. ಈ ಊರಿನ ಯಾವುದೋ ಕುಹಕವಿರಬೇಕೆಂದು ಊಟ ಮುಂದುವರಿಸಿದ.

ಗುರುವಾರ ಬೆಳಗ್ಗೆ ಹೌಗನ್ ಫೋನಿನ ಮುಂದೆ ಕುಳಿತಿದ್ದರು. "ಹತ್ತು ಗಂಟೆಗೆ ಮಿನಿಯಾಪೊಲಿಸ್ಸಿಗೆ ಹೇಳ್ತೀನಿ. ಅದಕ್ಕೆ ಮುಂಚೆ ಆರ್ಡಿಸ್‌ಗೆ ಯಾರಾದ್ರೂ ಹೇಳ್ಬೇಕು. ಬೇರೆಯೋರ ಬಾಯಿಂದ ಕೇಳೋದು ಬೇಡ."

"ನಾನೇ ಹೇಳ್ತೀನಿ," ಎಂದ ಮಾರ್ಟಿ. ಗೋಡೆಯ ಗಡಿಯಾರ ಒಂಬತ್ತೂ ಹತ್ತು ತೋರಿಸುತ್ತಿತ್ತು.

ತಂತಿಕೋಣೆಯಲ್ಲಿ ಕಾಫಿಯ ಘಮವಿತ್ತು. ಹೇಳುವ ಮೊದಲೇ ಆರ್ಡಿಸ್‌ಗೆ ವಿಷಯ ತಿಳಿದಿತ್ತೆಂಬುದು ಮೇಜು ನೋಡಿದರೆ ಗೊತ್ತಾಗುತ್ತಿತ್ತು. ಕತ್ತರಿ, ಚಿಮುಟ, ಸುತ್ತುವ ಕಡ್ಡಿ ಇವುಗಳನ್ನು ಒರೆಸಿ, ಒಂದು ಬಿಳಿಯ ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದ್ದಳು. ಬರುವವರ ಕೈಗೆ ಕೊಡಲು ಸಿದ್ಧವಾಗಿರಲೆಂದು. ಪಕ್ಕದಲ್ಲಿ ಮನೆಯಿಂದ ತಂದ ಖರ್ಜೂರದ ಬಿಲ್ಲೆಗಳ ತಟ್ಟೆ. ಆಕೆ ಎದ್ದು ನಿಂತಳು. ಸಣ್ಣ ಕಾಯ, ನರೆತ ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು, ಉಣ್ಣೆಯ ಅಂಗಿಯ ತೋಳು ಮೊಣಕೈವರೆಗೆ ಮಡಿಸಿತ್ತು.

"ಬನ್ನಿ ಕೆಸ್ಲರ್ ಅವ್ರೆ. ಕಾಫಿ ತಗೊಳ್ಳಿ."

"ಬೇಡ ಆರ್ಡಿಸ್. ನಾನೊಂದು ವಿಷಯ ಹೇಳೋಣಾಂತ..."

"ಈಗಿನ್ನೂ ಕಾಸಿದ್ದು. ಬಿಸಿ ಇದೆ."

"ಇಲ್ಲ, ನಿಜವಾಗ್ಲೂ ಬೇಡ."

"ಅರ್ಧ ಕಪ್ಪು. ಚಳೀಲಿ ಬಂದಿದೀರ."

"ಅರ್ಧ ಕಪ್ಪಾದ್ರೆ ಸರಿ," ಎಂದು ಅವನು ಕೈ ಚಾಚಿದ. ಆಕೆ ತುಂಬಿದ ಕಪ್ಪನ್ನೇ ಕೊಟ್ಟಳು, ಮೇಲೆ ಒಂದು ಬಿಲ್ಲೆಯನ್ನೂ ಇಟ್ಟಳು. ಎರಡು ವರ್ಷದ ರೂಢಿಯಿಂದ ನಾಲಿಗೆ ತಾನಾಗಿಯೇ ಹೇಳಿದ ಮಾತುಗಳವು. ಕಪ್ಪನ್ನು ತುಟಿಗೆ ತಂದವನು ಹಾಗೆಯೇ ನಿಂತ. ಸೋಮವಾರದ ಮಧ್ಯಾಹ್ನ, ಒಂದು ಕ್ಷಣ ನಿಂತ ಚಿಮುಟ, ತಾನು ಬೆನ್ನು ತಿರುಗಿಸಿ ಹೊರಟುಹೋದದ್ದು, ಎಲ್ಲವೂ ಒಟ್ಟಿಗೆ ಅವನ ಕಣ್ಣಮುಂದೆ ಬಂದವು. ಕಾಫಿಗೆ ಆಕೆ ಮೂರು ಸಲ ಕೇಳಿದ್ದಳು. ಹನ್ನೆರಡು ಸಾವಿರ ತಂತಿಗಳ ವಿಷಯಕ್ಕೆ ತಾನು ಕೇಳಿದ್ದು ಒಂದು ಸಲ.

ಅವನು ಕಪ್ಪನ್ನು ಕೆಳಗಿಟ್ಟ.

"ಆರ್ಡಿಸ್, ಸೋಮವಾರ ನಾನೊಂದು ಮಾತು ಕೇಳಿದ್ದೆ."

"ಹೂಂ, ಕೇಳಿದ್ರಿ."

"ತಂತೀಲಿ ಏನಾದ್ರೂ ವಿಚಿತ್ರ ಕಂಡಿತ್ತಾ ಅಂತ. ಪಟ್ಟೀಲಿ ಇದ್ದ ಹಾಗೇ ಹಾಕಿದೀರ, ಅದು ನಂಗೆ ಗೊತ್ತು. ಆ ಪಟ್ಟೀಲೇ ಏನಾದ್ರೂ?"

"ಅಯ್ಯೋ, ಅದೆಲ್ಲ ನಿಮ್ಮ ವಿಷಯ. ಅದು ನಮಗೆಲ್ಲಿ ತಿಳಿಯುತ್ತೆ," ಎಂದು ಆಕೆ ಬಟ್ಟೆಯ ಮೇಲಿದ್ದ ಕತ್ತರಿಯನ್ನು ತುಸು ನೇರ ಮಾಡಿದಳು, ಅದು ನೇರವಾಗಿಯೇ ಇತ್ತು.

ಮಾರ್ಟಿ ಗಿಡ್ಡ ಸ್ಟೂಲೊಂದನ್ನು ಎಳೆದುಕೊಂಡು ಆಕೆಯ ಮುಂದೆ ಕುಳಿತ. ಈಗ ಅವನ ಕಣ್ಣುಗಳು ಆಕೆಯ ಕಣ್ಣಿಗಿಂತ ಕೆಳಗಿದ್ದವು. ಡೆಲೋರಿಸ್ ಕೆಲಸ ನಿಲ್ಲಿಸಿದ್ದಳು.

"ಮೂರು ದಿನದಿಂದ ಹುಡುಕ್ತಿದೀನಿ, ನಂಗೆ ಸಿಕ್ತಾ ಇಲ್ಲ. ಇನ್ನು ಸಿಕ್ಕೋದೂ ಇಲ್ಲ," ಎಂದ. "ನಿಮಗೆ ಕಂಡಿದ್ರೆ ಹೇಳಿ, ಆರ್ಡಿಸ್. ಕೇಳ್ಕೋತೀನಿ."

ಆರ್ಡಿಸ್ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು.

"ಒಂದಿದೆ," ಎಂದಳು.

"ಅಬ್ಬಾ!" ಎಂದಳು ಡೆಲೋರಿಸ್.

ಮೂವರೂ ಯಂತ್ರದ ಕೋಣೆಗೆ ಬಂದರು. ಹೌಗನ್ ಫೋನಿನ ಬಳಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ಮಾರ್ಟಿ ಪಟ್ಟಿಯ ದಪ್ಪ ಕಡತವನ್ನು ತೆರೆಯಹೋದ. ಆರ್ಡಿಸ್ ಅದರತ್ತ ನೋಡಲೂ ಇಲ್ಲ. ಹಿಂದಿನ ಬಾಗಿಲು ತೆರೆದು, ನೀಲಿ ಬಿಳಿ ತೊರೆಗಳ ನಡುವೆ ಬಲಗೈಯನ್ನು ನಿಧಾನವಾಗಿ ಇಳಿಸಿದಳು. ಮುಖ ಪಕ್ಕಕ್ಕೆ ತಿರುಗಿತ್ತು. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯುವವನ ಚಿತ್ರವಿತ್ತು, ಅದನ್ನು ನೋಡುತ್ತಿದ್ದಳು. ಕತ್ತಲ ಕೊಟ್ಟಿಗೆಯಲ್ಲಿ ತನ್ನ ಹಸುವಿನ ಕೊರಳನ್ನು ಹುಡುಕುವವರ ಕೈಯಂತೆ ಆ ಕೈ ಒಂದು ತಂತಿಯನ್ನೂ ಕದಲಿಸದೆ ಒಳಗೊಳಗೆ ಹೋಯಿತು. ಮೊಣಕೈವರೆಗೆ ಮುಳುಗಿ ನಿಂತಿತು.

"ಇಲ್ಲಿ."

ಹೊರಬಂದ ಬೆರಳುಗಳ ನಡುವೆ ತಂತಿಯ ಒಂದು ಮಡಿಕೆಯಿತ್ತು. ಅಚ್ಚುಕಟ್ಟಾಗಿ ಮೂರು ಸಲ ಮಡಿಸಿ, ಬಿಳಿಯ ದಾರದಿಂದ ಕಟ್ಟಿ, ತೊರೆಯ ತಳದಲ್ಲಿ ಮಲಗಿಸಿದ್ದ ತಂತಿ. ಬುಧವಾರವೆಲ್ಲ ಅದೇ ಜಾಗದಲ್ಲಿ ತಲೆಯಿಟ್ಟಿದ್ದ ಮಾರ್ಟಿಗೆ ಕಾಣದಷ್ಟು ಅಚ್ಚುಕಟ್ಟು.

"ಇವರು ಹದಿನಾರು ಜನ ಅಕ್ಕತಂಗೀರು," ಎಂದಳು ಆರ್ಡಿಸ್. "ಮೆಮೊರಿಯ ಹದಿನಾರು ಖಾನೆಯಿಂದ ಒಬ್ಬೊಬ್ಬಳು ಬರ್ತಾಳೆ. ಹದಿನೈದು ಜನದ್ದೂ ಹದಿನಾಲ್ಕು ಅಂಗುಲ. ಇವಳೊಬ್ಬಳದ್ದು ನಲವತ್ತೊಂದು. ಮೊಳೆಯಿಂದ ಮೊಳೆಗೆ ಒಂದು ಗೇಣು, ಇಷ್ಟುದ್ದ ಎಲ್ಲಿಡ್ಲಿ? ಡೆಲೋರಿಸ್‌ನ ಎರಡು ಸಲ ಓದಿಸ್ದೆ. ನಲವತ್ತೊಂದೇ ಅಂದ್ಲು."

"ಮೂರು ಸಲ ಓದಿದೀನಿ," ಎಂದಳು ಡೆಲೋರಿಸ್.

ಮಾರ್ಟಿಗೆ ಆ ತಂತಿ ಯಾವುದೆಂದು ಕೂಡಲೇ ತಿಳಿಯಿತು. ಖಾನೆಯಿಂದ 'ನಾನು ಸಿದ್ಧ' ಎಂದು ಹೇಳುವ ಸೂಚನೆ ಹೊರಡುವ ತಂತಿ ಅದು. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಹೊತ್ತಿನಲ್ಲಿ ವಿದ್ಯುತ್ತು ಆ ತಂತಿಯಲ್ಲಿ ಎಂಟು ಅಂಗುಲ ಹೋಗುತ್ತದೆ. ಇಪ್ಪತ್ತೇಳು ಅಂಗುಲ ಹೆಚ್ಚಾದರೆ ಸೂಚನೆ ತಾಳಕ್ಕೆ ತುಸು ತಪ್ಪಿ ಬರುತ್ತದೆ. ತಪ್ಪಿ ಬಂದರೆ ಪ್ರೊಸೆಸರ್ ಗದ್ದಲ ಮಾಡುವುದಿಲ್ಲ. ಸರದಿ ಮತ್ತೆ ಸುತ್ತಿಕೊಂಡು ಬರುವವರೆಗೆ ಸುಮ್ಮನೆ ಕಾಯುತ್ತದೆ, ಆಮೇಲೆ ಸರಿಯಾದ ಉತ್ತರವನ್ನೇ ಕೊಡುತ್ತದೆ. ಗಂಟೆ ಬಾರಿಸುವ ತನಿಖೆಗೆ ಉದ್ದ ಗೊತ್ತಾಗುವುದಿಲ್ಲ. ತಂತಿ ಜೋಡಿಯಾಗಿದೆಯೇ ಎಂಬುದಷ್ಟೇ ಅದರ ಪ್ರಶ್ನೆ.

"ಆಗಲೇ ಯಾಕೆ ಹೇಳ್ಲಿಲ್ಲ ಆರ್ಡಿಸ್?" ಬೈಗುಳವಾಗಿ ಅಲ್ಲ, ನಿಜಕ್ಕೂ ತಿಳಿಯದೆ ಕೇಳಿದ.

ಆಕೆ ಮಡಿಕೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಹೇಳಿದಳು: "ಹಿಂದಿನ ಯಂತ್ರದಲ್ಲೂ ಹೀಗೇ ಒಂದು ಉದ್ದದ್ದು ಬಂದಿತ್ತು. ಕೇಳಿದ್ದೆ. ಸೂಚನೆ ನಿಧಾನ ಆಗ್ಲಿ ಅಂತ ಬೇಕಂತಲೇ ಇಟ್ಟಿರೋ ಉದ್ದ ಅದು ಅಂದ್ರಿ. ನಿಜಾನೂ ಆಗಿತ್ತು. ಎಲ್ಲರೂ ನಕ್ರು. ಇದೂ ಬೇಕಂತಲೇ ಇರ್ಬೇಕು, ಮತ್ತೆ ಯಾಕೆ ನಿಮ್ಮ ಹೊತ್ತು ಹಾಳ್ ಮಾಡೋದು ಅಂದ್ಕೊಂಡೆ."

ಆಗ ಮಾರ್ಟಿಗೆ ನೆನಪಾಯಿತು. ಎರಡು ವರ್ಷದ ಹಿಂದಿನ ಒಂದು ಅವಸರದ ದಿನ, ಸುತ್ತ ಹತ್ತು ಜನರಿದ್ದಾಗ, ಅವನ ಬಾಯಿಂದಲೇ ಬಂದ ಮಾತು: ನೀವು ಬೆರಳು ನೋಡ್ಕೊಳ್ಳಿ ಆರ್ಡಿಸ್, ತಲೆ ನಾನು ನೋಡ್ಕೋತೀನಿ. ಹೇಳಿದವನು ಆ ಸಂಜೆಗೇ ಮರೆತಿದ್ದ.

ಅವನು ಕಡತವನ್ನು ಬಿಡಿಸಿದ. ಮುದ್ರಿಸಿದ ಪಟ್ಟಿಯಲ್ಲಿ ೪೧ ಎಂದಿತ್ತು. ಅದರ ಹಿಂದಿದ್ದ ಮೂಲದ ಹಾಳೆಯನ್ನು ತೆಗೆದ. ಅಲ್ಲಿಯೂ ೪೧. ಪೆನ್ಸಿಲಿನ ಅಂಕಿಗಳು ಮುಂದಕ್ಕೆ ಬಾಗಿದ್ದವು, ಬಸ್ಸು ಹಿಡಿಯಲು ಓಡುವವರ ಹಾಗೆ. ಬರಹ ಅವನದೇ. ಹದಿನಾಲ್ಕು ಎಂದು ಬರೆಯುವ ಕಡೆ ಒಂದನ್ನೂ ನಾಲ್ಕನ್ನೂ ಜಾಗ ಬದಲಾಯಿಸಿದ್ದ.

ಹಾಳೆಯನ್ನು ಹೌಗನ್‌ರ ಕೈಗೆ ಕೊಟ್ಟ. "ತಪ್ಪು ನಂದು. ತಂತೀದಲ್ಲ. ನನ್ನ ತಲೇದು."

ಡೆಲೋರಿಸ್ ಬಾಯಿ ತೆರೆದಳು. ಆರ್ಡಿಸ್ ಅವಳ ಕಡೆ ನೋಡಿದಳು. ಡೆಲೋರಿಸ್ ಬಾಯಿ ಮುಚ್ಚಿದಳು. ಅವಳಿಗದು ಎಷ್ಟು ಕಷ್ಟವಾಯಿತೆಂಬುದು ಮುಖದಲ್ಲಿ ಕಾಣುತ್ತಿತ್ತು.

"ಯಾರಿಗಾದ್ರೂ ಆಗೋದೇ," ಎಂದಳು ಆರ್ಡಿಸ್.

ಹೌಗನ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಯಂತ್ರವನ್ನು ನೋಡಿದರು. "ಮಾರ್ಟಿ, ನೀನು ಬ್ರೂಕ್ಲಿನ್ನಿನೋನು ಮಾಡಿದ ಯಂತ್ರ ಇದು. ಆದ್ರೂ ನಮ್ಮೂರಿನ್ದೇ ಆಗ್ಬಿಟ್ಟಿದೆ ನೋಡು. ಯಾರ ಮೇಲೂ ದೂರಿಲ್ಲ, ಬಾಯಿ ಬಿಡೋಲ್ಲ, ಸುಮ್ನೆ ಕಾಯುತ್ತೆ," ಎಂದರು. ಹೌಗನ್‌ರ ಮಟ್ಟಿಗೆ ಅದು ಆ ವರ್ಷದ ಅತಿ ದೊಡ್ಡ ಭಾಷಣ.

ಆರ್ಡಿಸ್ ಸುರುಳಿಯಿಂದ ಹೊಸ ತಂತಿಯನ್ನು ಎಳೆದಳು. ಅಳತೆಪಟ್ಟಿ ಮೇಜಿನ ಮೇಲಿತ್ತು, ತೆಗೆದುಕೊಳ್ಳಲಿಲ್ಲ. ಮೊಣಕೈಗೆ ಒಂದು ತುದಿಯಿಟ್ಟು, ನಡುಬೆರಳಿನ ಬುಡದವರೆಗೆ ಹಿಡಿದು, ಕಚಕ್ಕನೆ ಕತ್ತರಿಸಿದಳು. ಅನುಮಾನದಿಂದಲ್ಲ, ಆಸೆಯಿಂದ ಮಾರ್ಟಿ ಅದನ್ನು ಕೇಳಿ ಪಡೆದು ಪಟ್ಟಿಯ ಮೇಲಿಟ್ಟ. ಹದಿನಾಲ್ಕು. ಗೆರೆಯ ಮೇಲೆ ಕೂತಿತ್ತು. ಆಮೇಲೆ ಆಕೆ ಹಳೆಯ ತಂತಿಯನ್ನು ಬಿಡಿಸುವುದನ್ನೂ ಹೊಸದನ್ನು ಸುತ್ತುವುದನ್ನೂ ಅವನು ನೋಡುತ್ತ ನಿಂತ. ಕಡ್ಡಿ ಮೊಳೆಯ ಮೇಲೆ ಕೂತು ತಿರುಗಿತು, ಮನಸ್ಸಿನಲ್ಲೇ ಎಣಿಸಿದ. ಏಳು. ಆ ಇಕ್ಕಟ್ಟಿನಲ್ಲಿ ಅವನು ಚಿಮುಟ ಹಿಡಿದಿದ್ದರೆ ಇಪ್ಪತ್ತು ತಂತಿಗಳು ಅಲುಗುತ್ತಿದ್ದವು. ಆಕೆಯ ಕೈ ಬಂದುಹೋದದ್ದು ಒಂದಕ್ಕೂ ತಿಳಿಯಲಿಲ್ಲ. ಎರಡು ವರ್ಷ ಈ ಪ್ರೊಸೆಸರನ್ನು ತಾನು ಕಾಗದದ ಮೇಲೆ ಕಂಡಿದ್ದೆ, ಈಕೆ ಇದನ್ನು ಕತ್ತಲಲ್ಲಿ ಬಲ್ಲಳು ಎಂದುಕೊಂಡ.

ಹೌಗನ್ ಸ್ಟಾಪ್‌ವಾಚು ತೆಗೆದರು. ಯಂತ್ರದ ಮುಂಭಾಗದ ಸಣ್ಣ ದೀಪಗಳು ಮಿನುಗತೊಡಗಿದವು. ಮುದ್ರಣಯಂತ್ರ ಗರ್ರೆಂದ ಕೂಡಲೇ ಅವರ ಹೆಬ್ಬೆರಳು ಗುಂಡಿಯನ್ನು ಒತ್ತಿತು.

"ನಲವತ್ತು."

ಮಾರ್ಟಿ ಮೇಜಿಗೆ ಒರಗಿ ನಿಂತ.

"ಇನ್ನೊಂದ್ಸಲ ಮಾಡಿ," ಎಂದಳು ಡೆಲೋರಿಸ್.

"ಯಾಕೆ? ಸರಿ ಬಂತಲ್ಲ."

"ನೋಡೋಕೆ ಚೆನ್ನಾಗಿತ್ತು."

ಇನ್ನೊಂದು ಸಲ ಮಾಡಿದರು. ಮೂವತ್ತೊಂಬತ್ತು ಚಿಲ್ಲರೆ ಬಂದಿತು.

"ಪರವಾಗಿಲ್ಲ," ಎಂದಳು ಆರ್ಡಿಸ್. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಮಾತಿರಲಿಲ್ಲ. ಆಕೆ ತನ್ನ ಕೋಣೆಗೆ ಹೋದಳು. ಹತ್ತು ಗಂಟೆಯ ಫೋನನ್ನು ಯಾರೂ ಮಾಡಲಿಲ್ಲ.

ಹಗಲಿನ ಪಾಳಿ ಮುಗಿಯುವ ಹೊತ್ತಿಗೆ ಸೂರ್ಯ ಸರೋವರದ ಅಂಚಿಗೆ ಬಂದಿದ್ದ. ಕಿಟಕಿಯ ಮಂಜುಗಾಜು ಕಿತ್ತಳೆಯಾಗಿತ್ತು. ಹೆಂಗಸರು ದಪ್ಪ ಕೋಟು ತೊಟ್ಟು, ತಲೆಗೆ ಶಾಲು ಕಟ್ಟಿ, ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದರು. ಆರ್ಡಿಸ್ ಎಲ್ಲರಿಗಿಂತ ಕೊನೆಗೆ ಬಂದಳು. ಯಂತ್ರದ ಕೋಣೆಯ ಮುಂದೆ ಮಾರ್ಟಿ ಕಾಯುತ್ತಿದ್ದ. ಹಿಂದಿನ ಬಾಗಿಲನ್ನು ತೆರೆದೇ ಇಟ್ಟಿದ್ದ. ಕೈಯಲ್ಲಿ ಪೆನ್ನಿತ್ತು.

"ಆರ್ಡಿಸ್, ಬಾಗಿಲಿಗೆ ಹೆಸರು ಬರೀಲಿಲ್ಲ ನೀವು."

"ಅಯ್ಯೋ, ಅದ್ಯಾಕೆ ಬಿಡಿ. ಮೂರು ದಿನ ಎಲ್ಲರಿಗೂ ತಾಪತ್ರಯ ಆಯ್ತು."

"ಬರೀರಿ."

"ಡೆಲೋರಿಸ್ ಬರೀಲಿ. ಪಟ್ಟಿ ಓದಿದ್ದು ಅವಳು. ನನ್ನ ಬಸ್ಸಿಗೂ ಹೊತ್ತಾಯ್ತು," ಎಂದು ಆಕೆ ಶಾಲಿನ ಗಂಟನ್ನು ಸರಿಮಾಡಿಕೊಂಡಳು. ಆದರೆ ಹೆಜ್ಜೆ ಮುಂದಿಡಲಿಲ್ಲ.

ಬಾಗಿಲಿನ ಒಳಮೈ ಬೂದು ಬಣ್ಣದ್ದು, ಖಾಲಿ. ಸಂಜೆಯ ಬೆಳಕು ಅದರ ಮೇಲೆ ಓರೆಯಾಗಿ ಬಿದ್ದಿತ್ತು. ಮಾರ್ಟಿ ಪೆನ್ನಿನ ಮುಚ್ಚಳ ತೆಗೆದು, ಹಿಡಿಯನ್ನು ಆಕೆಯ ಕಡೆಗೆ ತಿರುಗಿಸಿ, ಮೂರನೆಯ ಸಲ ಕೇಳುವವನಂತೆ ಕೈ ಚಾಚಿದ.

ಆರ್ಡಿಸ್ ಊಟದ ಡಬ್ಬಿಯನ್ನು ಕೆಳಗಿಟ್ಟು, ಬಲಗೈಯ ಉಣ್ಣೆಯ ಗವಸನ್ನು ಬೆರಳು ಬೆರಳಾಗಿ ಬಿಚ್ಚತೊಡಗಿದಳು.